ಮರೆವಿನ ಕಾಯಿಲೆ ಇರುವ ಅಪ್ಪ ಅಮ್ಮನನ್ನು ಮನೆಯವರೆಲ್ಲ ಸೇರಿ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ ಕಡೆಯವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೆಲವು ಫೋನಿನಲ್ಲಿ ಬಂದವು, ಕೆಲವು ಕಾಗದದಲ್ಲಿ, ಬಹಳಷ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಾ ಕೂತಾಗ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಅಣ್ಣ, ಅತ್ತಿಗೆ, ತಂಗಿಯ ಜೊತೆ ಸೇರಿ ತಾಯಿಯನ್ನು ಕೊನೆಯವರೆಗೂ ಮನೆಯಲ್ಲೇ ನೋಡಿಕೊಂಡವಳು. ಔಷಧಿಯ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

## ಶುರುವಿನಲ್ಲಿ

ಅಮ್ಮನಿಗೆ 74. ಈಗ ಹೇಳಿದ್ದು ಈಗಲೇ ಮರೆತುಬಿಡ್ತಾರೆ. ವಯಸ್ಸಾಯ್ತಲ್ಲ, ಅದಕ್ಕೇ ಅಲ್ವಾ?

ಬರೀ ವಯಸ್ಸಿಗೆ ಹೀಗಾಗುವುದಿಲ್ಲ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದೆ. ಅಂದರೆ 88 ಲಕ್ಷ ಜನ. ಉಳಿದ 93 ಮಂದಿಗೆ ವಯಸ್ಸಾಗಿದೆ, ಕಾಯಿಲೆ ಇಲ್ಲ.

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು, ಹೆಸರು ಮರೆತು ಆಮೇಲೆ ನೆನಪಾಗುವುದು ಎಲ್ಲರಿಗೂ ಇದ್ದದ್ದೇ. ಜೀವಮಾನವಿಡೀ ಮಾಡಿದ ಬಸ್ಸಾರು ಹೇಗೆ ಮಾಡುವುದೆಂದು ತೋಚದಿದ್ದರೆ, ದಿನಾ ಹೋಗುವ ಅಂಗಡಿಯಿಂದ ಮನೆಗೆ ದಾರಿ ತಪ್ಪಿದರೆ, ಚಿಲ್ಲರೆ ಎಣಿಸಲು ತಡವರಿಸಿದರೆ ತೋರಿಸಲೇಬೇಕು.

ಬೇಗ ತೋರಿಸಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದಾಗ ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಳ್ಳುವುದು ಇವೆಲ್ಲ ಡಿಮೆನ್ಶಿಯಾದ ಹಾಗೇ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಕಿವಿ ಕೇಳಿಸದೆ ತಪ್ಪು ಉತ್ತರ ಕೊಡುವವರೂ ಇದ್ದಾರೆ. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸದೆ "ಮರೆವಿನ ಕಾಯಿಲೆ" ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಕೋಲಾರದಲ್ಲೇ ತೋರಿಸಬಹುದಾ, ಇಲ್ಲ ನಿಮ್ಹಾನ್ಸ್‌ಗೇ ಹೋಗಬೇಕಾ?

ಇಲ್ಲೇ ಶುರುಮಾಡಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಕಾರ್ಯಕ್ರಮ ಶುರುಮಾಡಿದಾಗ, ಮೊದಲು ಆರಿಸಿಕೊಂಡ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ ಮೆದುಳಿನ ಆರೋಗ್ಯದ ಕ್ಲಿನಿಕ್ ಯಾವ ದಿನ ಎಂದು ಕೇಳಿ. ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಹತ್ತಿರವೇ ಇದೆ. ಅಲ್ಲಿಂದ ಕಳಿಸಿದರೆ ಬೆಂಗಳೂರಿಗೆ ಹೋಗಿ.

ನಮ್ಮ ಜಿಲ್ಲೆಗೂ ಈ ವಿಷಯಕ್ಕೂ ಇನ್ನೊಂದು ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಹಳ್ಳಿಯವರ ಮರೆವನ್ನು ಇಷ್ಟು ಶ್ರದ್ಧೆಯಿಂದ ನೋಡುವವರು ಇದ್ದಾರೆ ಅನ್ನುವುದೇ ನನಗೆ ಧೈರ್ಯ ಕೊಡುವ ಮಾತು.

ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ, ನೆಗಡಿ ಮಾತ್ರೆ, ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆ ಸೇರಿಸಿ. ಅವುಗಳಲ್ಲಿ ಕೆಲವು ಗೊಂದಲ ಜಾಸ್ತಿ ಮಾಡುತ್ತವೆ. ಇಬ್ಬರು ಜೊತೆಗೆ ಹೋಗಿ. ಅಮ್ಮನ ಮುಂದೆ ಹೇಳಲಾಗದ್ದನ್ನು ಒಬ್ಬರು ಒಳಗೆ ಹೇಳಬೇಕು, ಇನ್ನೊಬ್ಬರು ಹೊರಗೆ ಅವರ ಜೊತೆ ಕೂರಬೇಕು.

ಮಾತ್ರೆ ತಗೊಂಡರೆ ವಾಸಿ ಆಗುತ್ತಾ?

ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಇವು ಕೆಲವರಿಗೆ ಕೆಲಕಾಲ ಲಕ್ಷಣಗಳನ್ನು ಹಿಡಿತದಲ್ಲಿಡುತ್ತವೆ. ಹೊಟ್ಟೆ ತೊಳಸುವುದು, ಭೇದಿ, ಊಟ ಸೇರದಿರುವುದು, ನಾಡಿ ನಿಧಾನವಾಗುವುದು ಕಂಡರೆ ಡಾಕ್ಟರಿಗೆ ತಿಳಿಸಿ. ಬಿಪಿ, ಶುಗರ್ ಹಿಡಿತದಲ್ಲಿಡುವುದೂ ಅಷ್ಟೇ ಮುಖ್ಯ. 2024ರಲ್ಲಿ ಕೋಲಾರದಿಂದಲೇ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಇವನ್ನು ಪರೀಕ್ಷಿಸುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

## ಹಂಚಿಕೊಳ್ಳುವುದು

ನಾವು ನಾಲ್ಕು ಜನ ಮಕ್ಕಳು. ತಿಂಗಳಿಗೊಬ್ಬರ ಮನೇಲಿ ಇಟ್ಟುಕೊಂಡರೆ ಎಲ್ಲರಿಗೂ ಸಮ ಆಗುತ್ತಲ್ಲ?

ಮಕ್ಕಳಿಗೆ ಸಮ, ಅಮ್ಮನಿಗೆ ಕಷ್ಟ. ಹೊಸದನ್ನು ಕಲಿಯುವ ಶಕ್ತಿ ಈ ಕಾಯಿಲೆಯಲ್ಲಿ ಮೊದಲು ಹೋಗುತ್ತದೆ. ಹೊಸ ಮನೆಯಲ್ಲಿ ಬಚ್ಚಲು ಯಾವ ಕಡೆ ಎಂದು ಗೊತ್ತಾಗುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ, ಮತ್ತೆ ಗಂಟುಮೂಟೆ. ರಾತ್ರಿ ಎದ್ದು ಗೋಡೆ ತಡವುತ್ತಾ ಬೀಳುತ್ತಾರೆ. ಎಷ್ಟೋ ಮನೆಗಳಲ್ಲಿ "ನಿಮ್ಮನೆಗೆ ಬಂದ ಮೇಲೇ ಜಾಸ್ತಿ ಆಯ್ತು" ಎಂದು ಜಗಳವಾಗುವುದು ಇದರಿಂದಲೇ.

ನಾನು ಎಲ್ಲರಿಗೂ ಹೇಳುವುದು ಒಂದೇ. ಅಮ್ಮನನ್ನು ಒಂದು ಮನೆಯಲ್ಲಿ ಇರಲು ಬಿಡಿ, ಮಕ್ಕಳು ಓಡಾಡಿ. ಆ ಮನೆ ಅವರಿಗೆ ಹಳೆಯದಾಗಿದ್ದಷ್ಟೂ ಒಳ್ಳೆಯದು.

ಆಮೇಲೆ ಕೆಲಸ ಹಂಚಿ. ಅದಕ್ಕೆ ಮೊದಲು ಒಂದು ವಾರ ಏನೇನು ಕೆಲಸ ಆಗುತ್ತದೋ ಎಲ್ಲವನ್ನೂ ಬರೆಯಿರಿ. ಸ್ನಾನ, ಊಟ, ಡೈಪರ್, ಬಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಮಾತ್ರೆ ಮುಗಿಯುತ್ತಾ ಬಂತು ಎಂದು ನೆನಪಿಡುವುದು, ಮಲವಿಸರ್ಜನೆ ಆಗಿ ಎಷ್ಟು ದಿನವಾಯ್ತು ಎಂದು ಗಮನಿಸುವುದು, ನೆಂಟರಿಗೆ ಫೋನಿನಲ್ಲಿ ಉತ್ತರ ಕೊಡುವುದು, ರಾತ್ರಿ ಎರಡು ಗಂಟೆಗೆ ಕೂಗಿದಾಗ ಏಳುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇವನ್ನೂ ಪಟ್ಟಿಗೆ ಹಾಕಿ. ರಾತ್ರಿಯನ್ನು ಬೇರೆಯೇ ಬರೆಯಿರಿ. ರಾತ್ರಿ ನಿದ್ದೆಗೆಟ್ಟವರಿಗೆ ಮಾರನೇ ದಿನ ಬೆಳಗ್ಗೆ ಬಿಡುವು ಸಿಗಲೇಬೇಕು, ಇದನ್ನು ಮಾತ್ರ ರಾಜಿ ಮಾಡಿಕೊಳ್ಳಬೇಡಿ.

ಒಂದು ಕೆಲಸ ಒಬ್ಬರಿಗೆ ಅಂದರೆ ಪೂರ್ತಿ ಅವರಿಗೇ. ಮಾತ್ರೆ ತಮ್ಮನ ಜವಾಬ್ದಾರಿ ಎಂದರೆ, ಎಷ್ಟು ಉಳಿದಿದೆ ಎಂದು ನೋಡುವುದೂ ಅವನೇ, ತರುವುದೂ ಅವನೇ, ಡಬ್ಬಿಗೆ ತುಂಬುವುದೂ ಅವನೇ. "ಹೇಳು ಅಕ್ಕ, ತಂದುಕೊಡ್ತೀನಿ" ಅನ್ನುವುದು ಒಳ್ಳೆಯ ಮಾತು, ಆದರೆ ನೆನಪಿಡುವ ಭಾರ ಅಕ್ಕನ ತಲೆಯ ಮೇಲೇ ಉಳಿಯಿತಲ್ಲ.

ಮಂಚದ ಹತ್ತಿರ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿ. ಊಟ, ನೀರು, ಮಾತ್ರೆ, ಮೂತ್ರ, ಮಲ, ನಿದ್ದೆ, ಬಿದ್ದದ್ದು, ಚರ್ಮ ಕೆಂಪಾದದ್ದು. ಪಾಳಿ ಮುಗಿಸುವವರು ಬರೆದು ಹೋಗಲಿ. ಡಾಕ್ಟರ ಮುಂದೆ ಈ ಪುಸ್ತಕ ಬಹಳ ಉಪಯೋಗಕ್ಕೆ ಬರುತ್ತದೆ.

ನಾನು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡೋದು. ಭಾನುವಾರ ಮಾತ್ರ ಬರೋಕಾಗೋದು. ನಾನೇನು ಮಾಡಲಿ?

ಶನಿವಾರ ಸಂಜೆಯ ರೈಲಿಗೇ ಬಂಗಾರಪೇಟೆಗೆ ಬನ್ನಿ. ರಾತ್ರಿ ಪಾಳಿ ನೀವು ತಗೊಳ್ಳಿ. ವಾರವಿಡೀ ನೋಡಿಕೊಂಡ ಅತ್ತಿಗೆ ಆ ರಾತ್ರಿ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ, ಇಲ್ಲ ತವರಿಗೆ ಹೋಗಿಬರಲಿ. ಭಾನುವಾರದ ಸ್ನಾನ, ಉಗುರು, ತಲೆಗೆ ಎಣ್ಣೆ ನಿಮ್ಮದು. ಹೊತ್ತು ಹೊತ್ತಿಗೆ "ಇದು ಎಲ್ಲಿದೆ, ಅದು ಎಲ್ಲಿದೆ" ಎಂದು ಅವರನ್ನು ಎಬ್ಬಿಸಬೇಡಿ, ಮಂಚದ ಹತ್ತಿರದ ನೋಟ್‌ಬುಕ್ ಓದಿಕೊಳ್ಳಿ.

ದೂರದಿಂದಲೂ ಬೇಕಾದಷ್ಟು ಮಾಡಬಹುದು. ಆಸ್ಪತ್ರೆ ಅಪಾಯಿಂಟ್‌ಮೆಂಟ್, ಕರೆಂಟ್ ಬಿಲ್, ಡೈಪರ್ ತರಿಸುವುದು, ಪಿಂಚಣಿ ಕೆಲಸ, ನೆಂಟರಿಗೆ ಸುದ್ದಿ ಹೇಳುವುದು. ಫೋನ್ ಮಾಡಿದಾಗ "ಅಮ್ಮ ಯಾಕೆ ಸಣ್ಣಗಾಗಿದ್ದಾರೆ?" ಎಂದು ಶುರುಮಾಡಬೇಡಿ. "ನೀವು ನಿದ್ದೆ ಮಾಡಿದ್ರಾ?" ಎಂದು ಕೇಳಿ.

ನಾನು ದುಡ್ಡು ಕೊಡ್ತೀನಲ್ಲ, ಸಾಲದಾ?

ದುಡ್ಡೂ ಒಂದು ಪಾಲೇ, ಅದನ್ನು ಕೀಳಾಗಿ ನೋಡಬೇಕಿಲ್ಲ. ಆದರೆ ಲೆಕ್ಕ ಸರಿಯಾಗಿರಲಿ. ಅಮ್ಮನಿಗಾಗಿ ನರಸಾಪುರದ ಫ್ಯಾಕ್ಟರಿ ಕೆಲಸ ಬಿಟ್ಟ ಸೊಸೆಯ ಸಂಬಳವೂ ಖರ್ಚಿನ ಲೆಕ್ಕಕ್ಕೆ ಬರಬೇಕು. ತಿಂಗಳಿಗೆ ಇಷ್ಟು ಎಂದು ಅವರ ಖಾತೆಗೇ ಹಾಕಿ. ಕೇಳಿಸಿಕೊಂಡು ಕೊಡುವ ಹಾಗಾಗಬಾರದು. ಬೇರೆ ಆದಾಯವಿಲ್ಲದ, 65 ದಾಟಿದ ಬಡ ಹಿರಿಯರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಹಾಕಿ.

ನಾನು ಸೊಸೆ. ಎಲ್ಲಾ ನಾನೇ ಮಾಡ್ತೀನಿ. ಆದ್ರೂ ನನ್ನ ಓಲೆ ಕದ್ದಳು ಅಂತ ಬಂದವರ ಮುಂದೆಲ್ಲಾ ಹೇಳ್ತಾರೆ.

ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಇಟ್ಟ ಜಾಗ ಅತ್ತೆಗೆ ನೆನಪಿಲ್ಲ, ವಸ್ತು ಕಾಣುತ್ತಿಲ್ಲ. ಯಾರೋ ತೆಗೆದಿರಬೇಕು ಎಂದು ಮೆದುಳು ತೀರ್ಮಾನ ಮಾಡುತ್ತದೆ. ಹತ್ತಿರ ಇರುವವರ ಮೇಲೇ ಅನುಮಾನ ಬೀಳುತ್ತದೆ. ದಿನವಿಡೀ ಹತ್ತಿರ ಇರುವವರು ನೀವೇ. "ನಾನು ಕದ್ದಿಲ್ಲ" ಎಂದು ವಾದಿಸಿದರೆ ಜಾಸ್ತಿಯಾಗುತ್ತದೆ. "ಅಯ್ಯೋ, ಕಾಣ್ತಿಲ್ವಾ? ಬನ್ನಿ ಅತ್ತೆ, ಹುಡುಕೋಣ" ಅನ್ನಿ. ಅವರು ಬಚ್ಚಿಡುವ ಜಾಗಗಳು ಸಾಮಾನ್ಯವಾಗಿ ಎರಡು ಮೂರೇ ಇರುತ್ತವೆ. ನಿಜವಾದ ಒಡವೆ ಬೀರುವಿನಲ್ಲಿರಲಿ, ಕೈಗೆ ಗಿಲೀಟಿನದು ಕೊಡಿ.

ಇನ್ನೊಂದು ಕೆಲಸ ನಿಮ್ಮ ಗಂಡನದು, ನಾದಿನಿಯರದು. ಇದು ಕಾಯಿಲೆಯ ಮಾತು ಎಂದು ನೆಂಟರಿಗೆ ಅವರೇ ಹೇಳಬೇಕು. ಸೊಸೆಯೇ ತನ್ನ ಪರವಾಗಿ ಮಾತಾಡಿಕೊಳ್ಳುವ ಹಾಗೆ ಬಿಡುವುದು ಅನ್ಯಾಯ.

## ದಿನನಿತ್ಯದ ಕಷ್ಟಗಳು

ಸಂಜೆ ಆದ್ರೆ ಸಾಕು, "ಊರಿಗೆ ಹೋಗ್ತೀನಿ" ಅಂತ ಚೀಲ ಹಿಡ್ಕೊಂಡು ಹೊರಡ್ತಾರೆ. ಇರೋದೇ ಅವರ ಊರಲ್ಲಿ!

ಬೆಳಕು ಇಳಿಯುವ ಹೊತ್ತಿಗೆ ಗೊಂದಲ ಜಾಸ್ತಿಯಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. "ಇದೇ ನಿಮ್ಮನೆ" ಎಂದು ಸಾಬೀತು ಮಾಡಲು ಹೋಗಬೇಡಿ. ಅವರು ಕೇಳುತ್ತಿರುವುದು ಬಹುಶಃ ಚಿಕ್ಕಂದಿನ ಮನೆ, ಅಮ್ಮ ಇದ್ದ ಮನೆ. ಆ ಊರಿನ ಬಗ್ಗೆ ಕೇಳಿ. ಬಾವಿ ಇತ್ತಾ, ಎಷ್ಟು ಹಸು ಇದ್ದವು, ರೇಷ್ಮೆಹುಳು ಸಾಕ್ತಿದ್ರಾ? ನಮ್ಮ ಜಿಲ್ಲೆಯ ಬಹಳ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಬಹುದು. ಬಾಲ್ಯದ ಭಾಷೆಯಲ್ಲಿ ಮಾತಾಡಿದರೆ ಮುಖ ಅರಳುವುದನ್ನು ನಾನೇ ನೋಡಿದ್ದೇನೆ. ಮೊಮ್ಮಕ್ಕಳಿಗೆ ತೆಲುಗು ಬರದಿದ್ದರೆ ನಾಲ್ಕು ಮಾತು ಕಲಿಸಿ.

ನಾಲ್ಕೂವರೆಗೇ ದೀಪ ಹಾಕಿ. ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿಸಿ. ಹಸಿವು, ಮೂತ್ರ, ನೋವು ಇದೆಯಾ ನೋಡಿ. ಸಂಜೆ ಟಿವಿಯ ಜಗಳದ ಧಾರಾವಾಹಿ ಬೇಡ.

ಹೊರಗೆ ಹೋಗಿಬಿಡುವ ಅಭ್ಯಾಸವಿದ್ದರೆ ಅಂಗಿ ಜೇಬಿನಲ್ಲಿ, ಸೀರೆಯಾದರೆ ಬಳೆಯ ಜೊತೆಗಿನ ಪಟ್ಟಿಯಲ್ಲಿ, ಫೋನ್ ನಂಬರ್ ಇರಲಿ. ಟೀ ಅಂಗಡಿಯವರಿಗೆ, ಡೈರಿಗೆ ಹಾಲು ಹಾಕಲು ಬರುವವರಿಗೆ, ಆಟೋ ಸ್ಟ್ಯಾಂಡಿಗೆ ವಿಷಯ ತಿಳಿಸಿಡಿ. ಮುಚ್ಚಿಡುವುದರಿಂದ ಏನೂ ಉಳಿಯುವುದಿಲ್ಲ.

ಸ್ನಾನಕ್ಕೆ ಕರೆದ್ರೆ ಹೊಡೆಯೋಕೆ ಬರ್ತಾರೆ.

ಚಳಿ, ನಾಚಿಕೆ, ಜಾರುವ ಭಯ ಈ ಮೂರರಲ್ಲಿ ಒಂದಿರುತ್ತದೆ. ಬಚ್ಚಲು ಮೊದಲೇ ಬೆಚ್ಚಗಿರಲಿ. ಪ್ಲಾಸ್ಟಿಕ್ ಕುರ್ಚಿ ಗೋಡೆಗೆ ಒತ್ತಿ ಇಡಿ. ಮೈಮೇಲೆ ಟವೆಲ್ ಇರಲಿ, ಕಾಲಿನಿಂದ ನೀರು ಶುರುಮಾಡಿ, ತಲೆ ಕೊನೆಗೆ. ದಿನಾ ಸ್ನಾನವೇ ಆಗಬೇಕೆಂದಿಲ್ಲ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೂ ಸಾಕು.

ಅಪ್ಪನಿಗೆ ಮುದ್ದೆ ಇಲ್ದೆ ಊಟ ಸೇರಲ್ಲ. ಆದ್ರೆ ಈಗ ನುಂಗುವಾಗ ಕೆಮ್ಮು ಬರುತ್ತೆ.

ಕೆಮ್ಮು ಎಚ್ಚರಿಕೆಯ ಗಂಟೆ. ಕಾಯಿಲೆ ಬಲಿತಂತೆ ನುಂಗುವ ಸ್ನಾಯುಗಳ ಹೊಂದಾಣಿಕೆ ತಪ್ಪುತ್ತದೆ, ಅನ್ನ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಕಡೆಯವರ ಜೀವಮಾನದ ಅಭ್ಯಾಸ. ಅದೇ ಈಗ ಅಪಾಯ. ದೊಡ್ಡ ತುತ್ತು ನಿಲ್ಲಿಸಿ. ರಾಗಿಯನ್ನು ಬಿಡಬೇಕಿಲ್ಲ, ಗಂಟಿಲ್ಲದ ಗಟ್ಟಿ ಅಂಬಲಿ ಮಾಡಿ, ಸೊಪ್ಪಿನ ಸಾರನ್ನು ಮಸೆದು ಬೆರೆಸಿ.

ನೇರವಾಗಿ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಸಣ್ಣ ಚಮಚ. ಮೊದಲಿನದು ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ತೆಳ್ಳಗಿನ ನೀರೇ ಹೆಚ್ಚು ತೊಂದರೆ ಕೊಡುವುದು ಎಂದರೆ ಎಷ್ಟೋ ಜನ ನಂಬುವುದಿಲ್ಲ. ನೀರಿಗೆ ಕೆಮ್ಮಿದರೆ, ಗಂಟಲು ಗೊರಗೊರ ಅಂದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ನುಂಗುವುದನ್ನು ಪರೀಕ್ಷಿಸುವವರೂ ಅವರೇ.

ಎರಡೇ ದಿನದಲ್ಲಿ ಪೂರ್ತಿ ಬದಲಾಗಿಬಿಟ್ರು. ಕಾಯಿಲೆ ಜಾಸ್ತಿ ಆಯ್ತಾ?

ಡಿಮೆನ್ಶಿಯಾ ಸಾಮಾನ್ಯವಾಗಿ ಎರಡು ದಿನದಲ್ಲಿ ಹೀಗೆ ಏರುವುದಿಲ್ಲ. ಮೂತ್ರದ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ನ್ಯುಮೋನಿಯಾ, ಹೊಸ ಮಾತ್ರೆ, ಶುಗರ್ ಏರುಪೇರು ಇವುಗಳಲ್ಲಿ ಏನೋ ಇರುತ್ತದೆ. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬಾರದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ ಪಾರ್ಶ್ವವಾಯು ಇರಬಹುದು, ತಕ್ಷಣ 108ಕ್ಕೆ ಫೋನ್ ಮಾಡಿ.

## ಓಡಾಟ ನಿಂತಾಗ

ಎಬ್ಬಿಸಿ ಕೂರಿಸೋದ್ರಲ್ಲಿ ನನ್ನ ಸೊಂಟ ಬಿದ್ದುಹೋಯ್ತು. ಬೇರೆ ದಾರಿ ಇದೆಯಾ?

ಇದೆ. ಕಂಕುಳಿಗೆ ಕೈಹಾಕಿ ಎತ್ತಬೇಡಿ, ಕೈಹಿಡಿದು ಎಳೆಯಬೇಡಿ. ಅವರ ಭುಜಕ್ಕೂ ಪೆಟ್ಟು, ನಿಮ್ಮ ಬೆನ್ನಿಗೂ ಪೆಟ್ಟು. ಮೊದಲು ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಡಿ, ಆಮೇಲೆ ಭುಜದ ಹಿಂದೆ ಆಸರೆ ಕೊಟ್ಟು ಕೂರಿಸಿ. ತಲೆಸುತ್ತು ಬರದಂತೆ ಎರಡು ನಿಮಿಷ ಹಾಗೇ ಬಿಡಿ. ನಿಲ್ಲಿಸುವಾಗ ಪಾದ ನೆಲಕ್ಕೆ ಪೂರ್ತಿ ತಾಗಿರಲಿ, ಮಂಡಿಗಿಂತ ಸ್ವಲ್ಪ ಹಿಂದಿರಲಿ. ಮುಂದಕ್ಕೆ ಬಾಗಿಸಿ, ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟನ್ನು ಹಿಡಿದು "ಒಂದು, ಎರಡು, ಮೂರು" ಎಂದು ಜೊತೆಗೆ ಏಳಿ. ನಿಮ್ಮ ಮಂಡಿ ಬಾಗಲಿ, ಬೆನ್ನು ಬಾಗದಿರಲಿ. ಫಿಸಿಯೋಥೆರಪಿಸ್ಟ್ ಒಂದು ಸಲ ಮನೆಗೆ ಬಂದು ತೋರಿಸಿದರೆ ಬಹಳ ಅನುಕೂಲ. ಆ ದಿನ ಪಾಳಿಯವರೆಲ್ಲ ಹಾಜರಿರಲಿ. ಒಬ್ಬೊಬ್ಬರು ಒಂದೊಂದು ಥರ ಎತ್ತಿದರೆ ಅಮ್ಮ ಗಾಬರಿಯಾಗಿ ಮೈ ಬಿಗಿಹಿಡಿಯುತ್ತಾರೆ.

ಮಂಚದ ಎತ್ತರ ಅವರು ಕೂತಾಗ ಪಾದ ನೆಲಕ್ಕೆ ತಾಗುವಷ್ಟಿರಲಿ. ರಾತ್ರಿಗೆ ಪಕ್ಕದಲ್ಲೇ ಕಮೋಡ್ ಕುರ್ಚಿ. ಬಚ್ಚಲಿಗೆ ಹಿಡಿಕೆ, ನಡುಮನೆಯ ಹೊಸ್ತಿಲ ಹತ್ತಿರ ಸಣ್ಣ ದೀಪ. ಚಾಪೆ, ಕಾಲೊರೆಸು ತೆಗೆದುಬಿಡಿ.

ಬಿದ್ದರೆ ಅವಸರದಲ್ಲಿ ಎತ್ತಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಗೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರ ತಲೆಗೆ ಪೆಟ್ಟಾದರೆ, ಚೆನ್ನಾಗೇ ಇದ್ದಾರೆ ಅನಿಸಿದರೂ ಆಸ್ಪತ್ರೆಗೆ ಹೋಗಿ.

ಬೆನ್ನ ಕೆಳಗೆ ಕೆಂಪಾಗಿದೆ. ಎಣ್ಣೆ ಹಚ್ಚಿ ತಿಕ್ಕಲಾ?

ತಿಕ್ಕಬೇಡಿ, ಒಳಗಿನ ಪದರ ಇನ್ನೂ ಹಾಳಾಗುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟಾಗ ಕೆಂಪು ಮಾಯವಾಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ. ಹಾಸಿಗೆಯಲ್ಲೇ ಇರುವವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು. ಏರ್ ಬೆಡ್ ಹಾಕಿದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ನಡುವೆ ತೂತಿರುವ ಉಂಗುರದಂಥ ದಿಂಬು ಬೇಡ. ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ. ಮೊಟ್ಟೆ, ಬೇಳೆ, ಹಾಲು ಕಡಿಮೆಯಾಗದಿರಲಿ. ಚರ್ಮ ಒಡೆದಿದ್ದರೆ ನರ್ಸ್ ಅಥವಾ ಡಾಕ್ಟರ್ ನೋಡಲೇಬೇಕು.

## ಕಷ್ಟದ ನಿರ್ಧಾರಗಳು

ಅಪ್ಪನ ಹೆಸರಲ್ಲಿ ಜಮೀನು, ಬ್ಯಾಂಕ್ ಖಾತೆ ಇದೆ. ಜಿಪಿಎ ಮಾಡಿಸಿಕೊಂಡ್ರೆ ಆಯ್ತಲ್ಲ?

ಜಿಪಿಎ ಅಂದರೆ ತನ್ನ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. ಅರಿವು ಪೂರ್ತಿ ಹೋದ ಮೇಲೆ ಮಾಡಿಸಿದ ಜಿಪಿಎ ನಿಲ್ಲುವುದಿಲ್ಲ. ಮೊದಲೇ ಮಾಡಿಸಿದ್ದೂ, ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ ನಮ್ಮ ಕಾಂಟ್ರಾಕ್ಟ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಆದ್ದರಿಂದ ಕಾಯಿಲೆಯ ಶುರುವಿನಲ್ಲಿ, ಅಪ್ಪ ಅರ್ಥಮಾಡಿಕೊಂಡು ಒಪ್ಪುವ ಹೊತ್ತಿನಲ್ಲೇ, ವಿಲ್, ಜಂಟಿ ಖಾತೆ, ನಾಮಿನಿ ಕೆಲಸ ಮುಗಿಸಿ. ಎಲ್ಲ ಮಕ್ಕಳ ಎದುರಿಗೇ ಆಗಲಿ. ತಡವಾಗಿದ್ದರೆ ಪೋಷಕರನ್ನು ನೇಮಿಸುವಂತೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯಿದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಡ್ಡದಾರಿ ಹಿಡಿಯಬೇಡಿ. ಉಚಿತ ಸಲಹೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100.

ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಹಾಸಿಗೆ ಹಿಡಿದವರನ್ನು ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕಿಲ್ಲ. ಜೀವನ್ ಪ್ರಮಾಣ್ ಕೆಲಸವನ್ನು ಅಂಚೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ.

ಅಣ್ಣ ಜಮೀನು ಬರೆಸಿಕೊಂಡ, ಈಗ ಅಮ್ಮನ ಕಡೆ ತಿರುಗಿಯೂ ನೋಡಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆ 2007ರಲ್ಲೇ ಬಂದಿದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಅಮ್ಮನಿಂದ ಆಗದಿದ್ದರೆ ಅವರ ಪರವಾಗಿ ಬೇರೆಯವರೂ ಹಾಕಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು 23ನೇ ಸೆಕ್ಷನ್ ಅಡಿ ರದ್ದು ಮಾಡಿಸಲೂ ಅವಕಾಶವಿದೆ, ಆದರೆ ಆ ಷರತ್ತು ಪತ್ರದಲ್ಲಿ ಬರೆದಿರಬೇಕು. ಹಿರಿಯರ ಸಹಾಯವಾಣಿ 14567. ಆದರೂ ಮೊದಲು ಊರ ಹಿರಿಯರ ಎದುರು ಕೂತು ಮಾತಾಡಿ ನೋಡಿ. ನ್ಯಾಯಮಂಡಳಿ ದುಡ್ಡು ಕೊಡಿಸಬಹುದು, ಮಗ್ಗುಲು ಬದಲಿಸಲು ಜನ ಕೊಡಿಸುವುದಿಲ್ಲ.

ನನ್ನಿಂದ ಇನ್ನು ಆಗಲ್ಲ ಅನ್ನಿಸ್ತಿದೆ. ಯಾವುದಾದ್ರೂ ಕೇಂದ್ರಕ್ಕೆ ಸೇರಿಸಿದ್ರೆ ಜನ ಏನಂತಾರೆ?

ಜನ ರಾತ್ರಿ ಪಾಳಿಗೆ ಬರುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವುದು ಒಳ್ಳೆಯದೇ, ಆದರೆ ನೋಡಿಕೊಳ್ಳುವವರು ಕುಸಿಯುತ್ತಿದ್ದರೆ ಅದು ಅಮ್ಮನಿಗೂ ಒಳ್ಳೆಯದಲ್ಲ. ಕೈ ಮಾಡಬೇಕು ಅನ್ನುವಷ್ಟು ಕೋಪ ಬರುತ್ತಿದ್ದರೆ, ಸಾಯಬೇಕು ಅನಿಸುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕೇಂದ್ರ ಹುಡುಕುವುದಾದರೆ ಹೇಳದೆ ಕೇಳದೆ ಹೋಗಿ ನೋಡಿ. ವಾಸನೆ ಹೇಗಿದೆ, ಕೈಕಾಲು ಕಟ್ಟಿದ್ದಾರಾ, ರಾತ್ರಿ ಎಷ್ಟು ಜನ ಇರುತ್ತಾರೆ ಎಂದು ಕೇಳಿ. ಆಳು ಇಟ್ಟುಕೊಂಡರೆ ಅವರಿಗೂ ವಾರಕ್ಕೊಂದು ರಜೆ ಇರಬೇಕು, ಆ ದಿನ ಯಾರು ಎಂಬುದೂ ಪಾಳಿಪಟ್ಟಿಯಲ್ಲಿರಲಿ.

ಬಾಯಿಂದ ಊಟ ಇಳಿಯುತ್ತಿಲ್ಲ. ಮೂಗಿಗೆ ಟ್ಯೂಬ್ ಹಾಕಿಸಬೇಕಾ? ಅಕ್ಕ ಬೇಕು ಅಂತಾಳೆ, ನನಗೆ ಬೇಡ ಅನ್ಸುತ್ತೆ.

ಸೋಂಕು, ಪಾರ್ಶ್ವವಾಯುವಿನಂಥ ಕಾರಣಕ್ಕೆ ಕೆಲದಿನ ಹಾಕುವುದು ಬೇರೆ ವಿಷಯ. ಡಿಮೆನ್ಶಿಯಾದ ಕೊನೆಯ ಹಂತದಲ್ಲಿ ಟ್ಯೂಬ್‌ನಿಂದ ಆಯಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಎಷ್ಟೋ ಹಿರಿಯರು ಕಿತ್ತುಹಾಕುತ್ತಾರೆ, ಕಿತ್ತುಹಾಕದಂತೆ ಕೈ ಕಟ್ಟಬೇಕಾಗುತ್ತದೆ. ತಿನ್ನುವಷ್ಟನ್ನು ಚಮಚದಲ್ಲಿ, ತಾಳ್ಮೆಯಿಂದ, ಅವರಿಗೆ ಇಷ್ಟವಾದದ್ದನ್ನೇ ಕೊಡುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಬಾಯಿ ಒಣಗದಂತೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಿ.

ಅಕ್ಕ ಬೇಕು ಅನ್ನುವುದು ಅಮ್ಮ ಹಸಿದಿರುತ್ತಾಳೆ ಎಂಬ ಸಂಕಟದಿಂದ. ಅವರನ್ನು ಬೈಯಬೇಡಿ. ಎರಡು ದಿನ ಬಂದು ಅಮ್ಮನ ಜೊತೆ ಇರಲಿ, ಊಟ ಅವರೇ ಮಾಡಿಸಲಿ. ಆಮೇಲೆ ಡಾಕ್ಟರ ಮುಂದೆ ಎಲ್ಲರೂ ಒಟ್ಟಿಗೆ ಕೂತು ಕೇಳಿ: ಟ್ಯೂಬ್, ಐಸಿಯು, ವೆಂಟಿಲೇಟರ್ ಇವುಗಳಿಂದ ಅಮ್ಮನಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ? ತೀರ್ಮಾನವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ಎಲ್ಲರೂ ಸಹಿ ಮಾಡಿ. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಆ ಪುಸ್ತಕವೂ ಜೊತೆಗೆ ಹೋಗಲಿ. ಅಲ್ಲಿರುವ ಹೊಸ ಡಾಕ್ಟರಿಗೆ ಮೊದಲು ಅದನ್ನು ತೋರಿಸಿ.